ಮಡಿಗಲ್ಲಿನ ಮೊಟ್ಟೆಗಳು

ಕಾಡು ಮುಗಿದು ಊರು ಇನ್ನೂ ಶುರುವಾಗದ ಒಂದು ಜಾಗದಲ್ಲಿ ಒಂದು ಕೊಳವಿತ್ತು. ಕೊಳದ ದಡದಲ್ಲಿ ಮಾಡು ಅರ್ಧ ಕುಸಿದ ಕಲ್ಲಿನ ಮಂಟಪ. ಮಂಟಪದಲ್ಲಿ ಬಿಳಿ ಕೋಳಿಗಳ ಒಂದು ಕುಲ ವಾಸವಾಗಿತ್ತು. ಮಕ್ಕಳೇ, ನೀವು ಆ ಕಡೆ ಹೋದರೆ ಮಂಟಪ ಈಗಲೂ ಕಾಣುತ್ತದೆ. ಕೋಳಿಗಳು ಕಾಣುವುದಿಲ್ಲ. ಯಾಕೆಂದು ಹೇಳುತ್ತೇನೆ.

ಬಹಳ ಹಿಂದೆ ಯಾರದೋ ಗಾಡಿಯಿಂದ ಒಂದು ಬುಟ್ಟಿ ಅಲ್ಲಿ ಉರುಳಿ ಬಿದ್ದಿತ್ತು. ಬುಟ್ಟಿಯಲ್ಲಿ ಒಂದು ಬಿಳಿ ಹುಂಜ, ಮೂರು ಬಿಳಿ ಹೇಂಟೆಗಳಿದ್ದವು. ನಡೆದದ್ದು ಇಷ್ಟೇ. ಆದರೆ ಕುಲದವರ ಬಾಯಲ್ಲಿ ಬುಟ್ಟಿ ಬಿದ್ದದ್ದಲ್ಲ, ಇಳಿದದ್ದು. "ನಮ್ಮ ಹಿರಿಯರು ಬುಟ್ಟಿಯಿಂದ ಇಳಿದವರು" ಎನ್ನುವಾಗ ಪ್ರತಿಯೊಂದು ಕೋಳಿಯ ಕತ್ತೂ ಎರಡು ಬೆರಳು ಉದ್ದವಾಗುತ್ತಿತ್ತು.

ಬುಟ್ಟಿಯವರು ಬುಟ್ಟಿಯವರನ್ನೇ ಮದುವೆಯಾದರು. ಬೇರೆ ಬಣ್ಣದ ಕೋಳಿ ಮೆಟ್ಟಿಲು ಹತ್ತುವಂತಿರಲಿಲ್ಲ. ಹನ್ನೆರಡು ತಲೆಮಾರು ಹೀಗೆ ಕಳೆದ ಮೇಲೆ ಎಲ್ಲರಿಗೂ ಎಲ್ಲರೂ ಎರಡೆರಡು ಕಡೆಯಿಂದ ನೆಂಟರಾಗಿದ್ದರು. ಒಂದು ಕಾಲದಲ್ಲಿ ನಲವತ್ತು ಕೋಳಿಗಳಿದ್ದ ಮಂಟಪದಲ್ಲಿ ಈಗ ಹನ್ನೊಂದು ಉಳಿದಿದ್ದವು. ಕಡಿಮೆಯಾದೆವು ಎಂದು ಅವರು ಹೇಳುತ್ತಿರಲಿಲ್ಲ. ಅಪರೂಪವಾದೆವು ಎನ್ನುತ್ತಿದ್ದರು.

ಕಾವಿಗೆ ಕೂರುವುದಕ್ಕೆ ಅವರಲ್ಲಿ ಮೂರು ಕಟ್ಟಳೆಗಳಿದ್ದವು. ಮೊಟ್ಟೆಯನ್ನು ಕೊಳದಲ್ಲಿ ಮೂರು ಸಲ ತೊಳೆಯಬೇಕು. ತೊಳೆದದ್ದನ್ನು ಉತ್ತರದ ಮೂಲೆಯ ಕರಿ ಚಪ್ಪಡಿಯ ಮೇಲೆ ಇಡಬೇಕು. ಅದರ ಹೆಸರು ಮಡಿಗಲ್ಲು, ಅದರ ಮೇಲೆ ಹುಲ್ಲು ಹಾಸುವಂತಿಲ್ಲ. ಇಟ್ಟ ಮೇಲೆ ಕೊಕ್ಕು ತಗಲಿಸುವಂತಿಲ್ಲ, ಎಂಜಲಾಗುತ್ತದೆ.

ಮೂರಕ್ಕೂ ಒಂದೊಂದು ಕಾರಣ ಇತ್ತು. ಬುಟ್ಟಿಯಿಂದ ಬಿದ್ದ ಮೊದಲ ಅಜ್ಜಿಯ ಮೊಟ್ಟೆ ಕೆಸರಿಗೆ ಉರುಳಿತ್ತು, ಆದ್ದರಿಂದ ತೊಳೆದಳು. ಆ ಬೇಸಿಗೆಯ ಕೊನೆಯ ಮಳೆಗೆ ಮಂಟಪವೆಲ್ಲ ಸೋರುತ್ತಿತ್ತು, ಆ ಚಪ್ಪಡಿ ಮಾತ್ರ ಒಣಗಿತ್ತು, ಆದ್ದರಿಂದ ಅಲ್ಲಿ ಕೂತಳು. ಬಿದ್ದಾಗ ಕೊಕ್ಕಿಗೆ ಪೆಟ್ಟಾಗಿತ್ತು, ಆದ್ದರಿಂದ ಮೊಟ್ಟೆಗಳನ್ನು ಕಾಲಿನಿಂದ ಹೊರಳಿಸಿದಳು. ಮೊಮ್ಮಕ್ಕಳು ಕೆಸರನ್ನು ಮರೆತರು, ಸೋರುವ ಮಾಡನ್ನು ಮರೆತರು, ಪೆಟ್ಟನ್ನು ಮರೆತರು, ಕಾಲನ್ನೂ ಮರೆತರು. ಉಳಿದದ್ದನ್ನು ಆಚಾರ ಎಂದು ಕರೆದರು.

ಆ ಹನ್ನೊಂದರಲ್ಲಿ ಸಂಪಿ ಎಂಬ ಎಳೆಯ ಹೇಂಟೆ ಒಬ್ಬಳು. ಅವಳ ಎರಡನೇ ಕಾವು ಹಾಳಾದ ದಿನ ಕುಲದವರು ಕಂಬಗಳ ನಡುವೆ ಸೇರಿದರು. ಕುಲದ ಹಿರಿಯ ಶಿಖಾಮಣಿ ಎತ್ತರದ ಕಲ್ಲಿನ ಮೇಲೆ ನಿಂತಿದ್ದ. ಅವನ ಜುಟ್ಟು ಜೋತು ಒಂದು ಕಣ್ಣನ್ನು ಮುಚ್ಚಿತ್ತು. ಬೆಳಗ್ಗೆ ಅವನು ಕೂಗುವ ಹೊತ್ತಿಗೆ ಸೂರ್ಯ ಮೂರು ಮಾರು ಮೇಲೆ ಬಂದಿರುತ್ತಿದ್ದ. ಸಂಪಿಗೆ ಅವನು ಸೋದರಮಾವ. ಅವನ ಮಗ ಧವಳ ಅವಳ ಗಂಡ.

"ಎಷ್ಟು ಇಟ್ಟಿದ್ದೆ?" ಎಂದ ಶಿಖಾಮಣಿ.

"ಒಂಬತ್ತು, ಮಾವ."

"ಎಷ್ಟು ಒಡೆಯಿತು?"

ಸಂಪಿ ನೆಲ ನೋಡಿದಳು. "ಒಂದೂ ಇಲ್ಲ. ಆದರೆ ಇಪ್ಪತ್ತನೇ ದಿನ ಒಂದರ ಒಳಗಿಂದ ಕೀಚ್ ಅಂತ ದನಿ ಬಂತು. ನಾನೇ ಕೇಳಿದೆ. ಎರಡು ಸಲ."

"ಮೂರನೇ ಸಲ?"

"ಬರಲಿಲ್ಲ."

"ಮೊಟ್ಟೆ ಮಾತಾಡಿತಂತೆ, ಕೇಳಿದಿರಾ" ಎಂದಳು ದುಂಡವ್ವ. ಅವಳು ಪಕ್ಕದ ಕಂಬದವಳು. ಹೋದ ತಿಂಗಳು ಅವಳ ಎಂಟು ಮೊಟ್ಟೆಗಳೂ ಹೀಗೆಯೇ ಹೋಗಿದ್ದವು. ಅದಕ್ಕೇ ಅವಳ ದನಿ ಎಲ್ಲರಿಗಿಂತ ಜೋರಾಗಿತ್ತು.

ಶಿಖಾಮಣಿ ರೆಕ್ಕೆ ಎತ್ತಿದ. "ನೀರು ಅದೇ. ಕಲ್ಲು ಅದೇ. ಆಚಾರ ಅದೇ. ಹಾಗಾದರೆ ತಪ್ಪು ಯಾರದು?"

ಎಲ್ಲರೂ ಸಂಪಿಯನ್ನು ನೋಡಿದರು.

"ತಾಯಿ ಕಡೆಯ ರಕ್ತ ಇರಬೇಕು" ಎಂದಳು ದುಂಡವ್ವ.

"ತಾಯಿ ಕಡೆ ಅಂದರೆ ಮಾವನೇ" ಎಂದಳು ಸಂಪಿ.

"ಹಾಗಾದರೆ ತಂದೆ ಕಡೆಯದು."

"ತಂದೆ ಕಡೆ ಅಂದರೂ ಮಾವನೇ ಬರ್ತಾರೆ."

ಶಿಖಾಮಣಿ ಕೆಮ್ಮಿದ. ಧವಳ ಎದೆಯ ಗರಿಗಳನ್ನು ನೀವಿಕೊಳ್ಳುತ್ತಿದ್ದ. ಈ ಮಾತುಕತೆಗೂ ತನಗೂ ಸಂಬಂಧವಿದೆಯೆಂದು ಅವನಿಗೆ ಅನ್ನಿಸಿರಲಿಲ್ಲ. ಸಂಪಿಯ ತಾಯಿ ಅಚ್ಚವ್ವ ಒಂದು ಮೂಲೆಯಲ್ಲಿ ನಿಂತು, ಕಾಳಿಲ್ಲದ ನೆಲವನ್ನು ಕುಟುಕುತ್ತಿದ್ದಳು.

"ಬಾಯಿ ಜೋರಾದವಳ ಮೊಟ್ಟೆ ಒಡೆಯುವುದಿಲ್ಲ. ಇದು ಹಿರಿಯರ ಮಾತು" ಎಂದ ಶಿಖಾಮಣಿ. ಆ ಮಾತನ್ನು ಅವನು ಆಗಷ್ಟೇ ಕಟ್ಟಿದ್ದ. "ಮೂರನೇ ಕಾವು ಇದೆ. ಅದೂ ಹೋದರೆ ನೀನು ಮೆಟ್ಟಿಲ ಕೆಳಗೆ. ಕುಲಕ್ಕೂ ನಿನಗೂ ಸಂಬಂಧವಿಲ್ಲ."

ಒಡೆಯದ ಮೊಟ್ಟೆಗಳನ್ನು ಮಂಟಪದ ಹಿಂದಿನ ಇಳಿಜಾರಿಗೆ ಉರುಳಿಸುವುದು ವಾಡಿಕೆ. ಕುಲದವರು ಅದನ್ನು ಭೂಮಿಗೆ ಒಪ್ಪಿಸುವುದು ಎನ್ನುತ್ತಿದ್ದರು. ಇಳಿಜಾರಿನ ಹುತ್ತದಲ್ಲಿ ಉಡಕ್ಕ ಎಂಬ ಮುದಿ ಉಡವಿದ್ದಳು. ಅವಳು ಅದನ್ನು ಊಟ ಎನ್ನುತ್ತಿದ್ದಳು.

ಅಂದು ಸಂಪಿ ಕೊನೆಯ ಸಲ ತನ್ನ ಮೊಟ್ಟೆಗಳನ್ನು ನೋಡಲು ಇಳಿಜಾರಿಗೆ ಹೋದಾಗ ಉಡಕ್ಕ ಊಟಕ್ಕೆ ಕೂತಿದ್ದಳು.

"ಬಾ ತಾಯಿ" ಎಂದಳು ಉಡಕ್ಕ. "ನಿನ್ನದೇ ಇದು. ಕೂತು ನೋಡ್ತೀಯೋ, ಆಚೆ ತಿರುಗ್ತೀಯೋ?"

"ನೋಡ್ತೀನಿ. ಒಳಗೆ ಏನಿದೆ ಅಂತ ನಮ್ಮಲ್ಲಿ ಯಾರೂ ನೋಡಿಲ್ಲ."

"ಅದು ನಿಜ. ನಿಮ್ಮ ಮೊಟ್ಟೆ ಒಳಗಿಂದ ಹೇಗಿರತ್ತೆ ಅಂತ ನನ್ನಷ್ಟು ಬಲ್ಲವರು ಇಲ್ಲ. ಈ ಮೂರು ನೋಡು. ಬರೀ ಹಳದಿ, ಬರೀ ಲೋಳೆ. ಜೀವ ಹತ್ತಿಯೇ ಇಲ್ಲ. ಇದು ನಿನ್ನ ಗಂಡನ ಪಾಲು."

"ಅವರು ಕುಲದಲ್ಲೇ ಎಲ್ಲರಿಗಿಂತ ಬಿಳಿ."

"ಬಿಳುಪಿಗೆ ಏನು. ಒಂದೇ ಕಷಾಯದ ಪುಡಿಗೆ ಹನ್ನೆರಡು ಸಲ ನೀರು ಹುಯ್ದರೆ ಬಣ್ಣ ಬಿಳಿಯೇ ಆಗತ್ತೆ. ಕುಡಿದು ನೋಡು, ನೀರು." ಉಡಕ್ಕ ಮುಂದಿನ ಮೂರನ್ನು ಒಡೆದಳು. ಕೆಟ್ಟ ವಾಸನೆ ಬಂತು. ಅವಳು ಖುಷಿಯಿಂದಲೇ ಮೂಸಿದಳು. "ಇವು ಕೊಳೆತವು. ಇದರಲ್ಲಿ ಜೀವ ಹತ್ತಿತ್ತು. ಮೊಟ್ಟೆಯ ಮೈಮೇಲೆ ಒಂದು ತೆಳು ಲೇಪ ಇರತ್ತೆ, ಕಣ್ಣಿಗೆ ಕಾಣಲ್ಲ. ಹೊರಗಿನ ಹೊಲಸು ಒಳಗೆ ನುಗ್ಗದ ಹಾಗೆ ತಡೆಯೋದು ಅದೇ. ನೀವು ಮೂರು ಸಲ ತೊಳೆದು ಅದನ್ನ ತೆಗೀತೀರ."

"ಶುದ್ಧ ಆಗಲಿ ಅಂತ ತೊಳೀತೀವಿ."

"ಅದನ್ನೇ ಹೇಳಿದ್ದು ನಾನು. ಇನ್ನು ಈ ಎರಡು. ಮರಿ ಒಂದೇ ಪಕ್ಕಕ್ಕೆ ಅಂಟಿಕೊಂಡು ಒಣಗಿದೆ, ನೋಡು. ಯಾರೂ ಹೊರಳಿಸಲಿಲ್ಲ. ಕಾವಿಗೆ ಕೂತ ಹಕ್ಕಿ ದಿನಕ್ಕೆ ಹತ್ತು ಸಲ ಕೊಕ್ಕಿನಿಂದ ಮೊಟ್ಟೆ ಹೊರಳಿಸತ್ತೆ. ನೀರುಕೋಳಿಗೂ ಗೊತ್ತು, ಕೌಜುಗಕ್ಕೂ ಗೊತ್ತು. ನಿಮಗೆ ಎಂಜಲು."

ಒಂದು ಮೊಟ್ಟೆ ಉಳಿಯಿತು. ಉಡಕ್ಕ ಅದನ್ನು ಮೆಲ್ಲಗೆ ಬಿಡಿಸಿದಳು. ಒಳಗೆ ಪೂರ್ತಿ ಬೆಳೆದ ಮರಿ ಇತ್ತು. ಕೊಕ್ಕಿನ ತುದಿಯಲ್ಲಿ ಚಿಪ್ಪು ಒಡೆಯುವ ಸಣ್ಣ ಮೊನೆಯೂ ಮೂಡಿತ್ತು. ಚಿಪ್ಪಿನ ಒಳಮೈಯಲ್ಲಿ ಒಂದು ಗೀರು.

"ಇದು ಹೊರಡೋಕೆ ಸಿದ್ಧವಾಗಿತ್ತು" ಎಂದಳು ಉಡಕ್ಕ. "ಮೇಲಿಂದ ನಿನ್ನ ಹೊಟ್ಟೆಯ ಬಿಸಿ, ಕೆಳಗಿಂದ ಕಲ್ಲಿನ ಥಂಡಿ. ಇಪ್ಪತ್ತು ದಿನ ತಡೆದಿದೆ. ಗಟ್ಟಿ ಪಿಂಡ."

"ಎರಡು ಸಲ ಕೂಗಿತ್ತು" ಎಂದಳು ಸಂಪಿ.

ಆಮೇಲೆ ಸಂಪಿ ಕೇಳಿದಳು: "ಇದನ್ನ ನಮ್ಮವರಿಗೆ ಯಾಕೆ ಹೇಳಲಿಲ್ಲ? ನಿನ್ನ ಊಟ ಹೋಗತ್ತೆ ಅಂತಲೇ?"

"ನಿನ್ನ ಅಜ್ಜಿಗೆ ಹೇಳಿದ್ದೆ. ನಿನ್ನ ಅಮ್ಮನಿಗೂ ಹೇಳಿದ್ದೆ. ಹೇಳಿದ್ದರಿಂದ ಈವರೆಗೆ ನನಗೆ ಒಂದು ಹೊತ್ತಿನ ಊಟವೂ ತಪ್ಪಿಲ್ಲ."

"ನಾನೇನು ಮಾಡಲಿ?"

"ತೊಳೀಬೇಡ. ಹೊರಳಿಸು. ಕಲ್ಲು ಬಿಟ್ಟು ಬೇರೆಲ್ಲಾದರೂ ಕೂರು. ಆ ಕಡೆ ಕುಂಬಾರರು ಮಡಕೆ ಸುಟ್ಟು ಬಿಟ್ಟುಹೋದ ಆವಿಗೆ ಇದೆ, ಒಣ ಬೂದಿ, ಬೆಚ್ಚಗಿದೆ. ಅಲ್ಲಿ ಬೋರ ಅಂತ ಒಬ್ಬ ನಾಟಿ ಹುಂಜ ಇದ್ದಾನೆ. ಚುಕ್ಕೆ ಚುಕ್ಕೆ. ನೋಡೋಕೆ ಏನೂ ಇಲ್ಲ, ಆದರೆ ಬುಟ್ಟಿಯವನಲ್ಲ."

ಉಡಕ್ಕ ಕೆಟ್ಟವಳಲ್ಲ. ಸಂಪಿ ಅಲ್ಲಿಂದ ಹೋಗುವವರೆಗೆ ಕಾದು, ಆಮೇಲೆ ಆ ಕೊನೆಯದನ್ನು ತಿಂದಳು.

ಮರುದಿನ ಸಂಪಿ ತಾಯಿಗೆ ಹೇಳಿದಳು: "ಅಮ್ಮ, ಮೂರನೇ ಕಾವಿಗೆ ನಾನು ಆವಿಗೆಯಲ್ಲಿ ಕೂರ್ತೀನಿ."

"ಬೂದಿಯಲ್ಲಿ ಕೂರೋದಾ?" ಅಚ್ಚವ್ವನ ಕತ್ತಿನ ಗರಿಗಳು ನಿಂತವು. "ಜನ ಏನಂತಾರೆ?"

"ಹತ್ತು ಜನ, ಅಮ್ಮ. ಏನಂದರೂ ಹತ್ತೇ ಜನ."

ಅಚ್ಚವ್ವ ಕುಟುಕುವುದಕ್ಕೆ ಶುರುಮಾಡಿದಳು. ಸಂಪಿ ಮೂರು ಮೆಟ್ಟಿಲು ಇಳಿದ ಮೇಲೆ, ತಲೆ ಎತ್ತದೆ ಅಂದಳು: "ಗಾಳಿ ಬರೋ ಕಡೆ ಕೂರಬೇಡ. ಗಾಳಿ ಯಾವ ಕಡೆಯಿಂದ ಬರತ್ತೆ ಅಂತ ನೋಡಿ ಆಮೇಲೆ ಗೂಡು ಮಾಡು."

ಆವಿಗೆಗೆ ಎರಡು ಬಾಯಿಗಳಿದ್ದವು, ಒಂದು ಮೂಡಣಕ್ಕೆ, ಒಂದು ಪಡುವಣಕ್ಕೆ. ಆಗ ಚಳಿಗಾಲ. ಗಾಳಿ ಮೂಡಣದಿಂದ ಬೀಸುತ್ತಿತ್ತು. ಸಂಪಿ ಪಡುವಣದ ಮೂಲೆಯಲ್ಲಿ ಬೂದಿ ಕೆದರಿ, ಒಣಹುಲ್ಲು ಹಾಸಿದಳು. ಒಂದು ಕಾಲಿನಲ್ಲಿ ಬೆರಳಿಲ್ಲದ ಚುಕ್ಕೆ ಹುಂಜವೊಂದು ಗೋಡೆಯ ಮೇಲಿಂದ ನೋಡುತ್ತಿತ್ತು.

"ಮಂಟಪದವರಾ?" ಎಂದ ಬೋರ.

"ಹೌದು. ನಿಮ್ಮ ಕುಲ ಯಾವುದು?"

"ಗೊತ್ತಿಲ್ಲ. ಅಪ್ಪ ಸಂತೆಯಿಂದ ತಪ್ಪಿಸಿಕೊಂಡು ಬಂದವನು. ಅಮ್ಮ ಯಾರದೋ ಹಿತ್ತಿಲಿನವಳು. ಅಜ್ಜ ಸಾರಿನ ಮಡಕೆಗೆ ಹೋದ."

"ಅಷ್ಟೇನಾ?"

"ಅಷ್ಟೇ. ಹೇಳಿಕೊಳ್ಳೋಕೆ ಇನ್ನೇನಾದರೂ ಇದ್ದಿದ್ದರೆ ಇಷ್ಟು ಹೊತ್ತಿಗೆ ಹೇಳಿರ್ತಿದ್ದೆ. ಆ ಕಡೆ ಗೆದ್ದಲು ಚೆನ್ನಾಗಿದೆ, ಬೇಕಾದರೆ ತೋರಿಸ್ತೀನಿ."

ಸಂಪಿ ಅಲ್ಲಿ ಒಂಬತ್ತು ಮೊಟ್ಟೆ ಇಟ್ಟಳು. ಮೊದಲ ಮೂರು ಮಂಟಪದ ಧವಳನವು, ಅವಳು ಬರುವಾಗಲೇ ಹೊಟ್ಟೆಯಲ್ಲಿದ್ದವು. ಆಮೇಲೆ ಕೆಲವು ದಿನ ಬಿಟ್ಟು ಇಟ್ಟ ಆರು ಬೋರನವು. ಒಂದನ್ನೂ ತೊಳೆಯಲಿಲ್ಲ. ಮೊದಲ ಸಲ ಕೊಕ್ಕಿನಿಂದ ಹೊರಳಿಸುವಾಗ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡಿದಳು. ಎರಡನೇ ದಿನವೂ ನೋಡಿದಳು. ನಾಲ್ಕನೇ ದಿನದ ಹೊತ್ತಿಗೆ ನೋಡುವುದನ್ನು ಬಿಟ್ಟಳು. ದಿನಕ್ಕೆ ಒಂದು ಸಲ ಎದ್ದು ಕಾಳು ತಿಂದು, ಇಬ್ಬನಿಯ ಹುಲ್ಲಿನಲ್ಲಿ ಓಡಿ, ಹೊಟ್ಟೆಯ ಗರಿಗೆ ಹತ್ತಿದ ತೇವದೊಡನೆ ಬಂದು ಕೂರುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಕೂರುವುದಕ್ಕೆ ಬಿಟ್ಟರೆ ಕೋಳಿಗೆ ಕೂರುವುದು ಗೊತ್ತಿರುತ್ತದೆ.

ಇಪ್ಪತ್ತನೇ ದಿನ ಕೀಚ್ ಎಂಬ ದನಿ ಕೇಳಿತು. ಎರಡು ಸಲ. ಸಂಪಿ ಮೊಟ್ಟೆಗೆ ಕಿವಿಗೊಟ್ಟಳು. ಮೂರನೆಯದೂ ಕೇಳಿತು. ನಾಲ್ಕನೆಯದು ಬೇರೆ ಮೊಟ್ಟೆಯಿಂದ ಬಂತು.

ಇಪ್ಪತ್ತೊಂದನೇ ದಿನ ಬೋರನ ಆರರಲ್ಲಿ ಐದು ಒಡೆದವು. ಚುಕ್ಕೆ ಮರಿಗಳು, ಬಂದ ಗಳಿಗೆಯಿಂದಲೇ ಜಗಳ. ಆರನೆಯದು ಯಾಕೆ ಒಡೆಯಲಿಲ್ಲವೋ ಗೊತ್ತಿಲ್ಲ. ಎಲ್ಲಕ್ಕೂ ಕಾರಣ ಗೊತ್ತಿದ್ದವರು ಮಂಟಪದಲ್ಲಿದ್ದರು, ಆವಿಗೆಯಲ್ಲಿ ಅಲ್ಲ. ಧವಳನ ಮೂರರಲ್ಲಿ ಒಂದರಲ್ಲಿ ಜೀವವೇ ಇರಲಿಲ್ಲ. ಒಂದು ಅರ್ಧದಲ್ಲಿ ನಿಂತಿತ್ತು. ಒಂದು ಒಡೆಯಿತು. ಬಿಳಿ ಮರಿ. ಕಾಲಿನ ಒಂದು ಬೆರಳು ಮಡಿಸಿಕೊಂಡಿತ್ತು, ಉಳಿದವುಗಳಿಗಿಂತ ಸಣ್ಣದಿತ್ತು. ನಡೆಯುವಾಗ ಎಡವುತ್ತಿತ್ತು, ಎಡವಿದಾಗಲೆಲ್ಲ ಸಂಪಿಯ ರೆಕ್ಕೆಯ ಕೆಳಗೆ ನುಗ್ಗುತ್ತಿತ್ತು. ಅವಳಿಗೆ ಅದರ ಮೇಲೆ ಒಂದು ಗುಲಗಂಜಿಯಷ್ಟು ಪ್ರೀತಿ ಹೆಚ್ಚು.

ಅಲ್ಲಿಗೆ ಈ ಕತೆ ಮುಗಿಯಬಹುದಿತ್ತು. ಮುಗಿಸಲು ಸಂಪಿ ಬಿಡಲಿಲ್ಲ.

"ಮಂಟಪಕ್ಕೆ ಹೋಗಿ ಬರ್ತೀನಿ" ಎಂದಳು ನಾಲ್ಕನೇ ದಿನ.

"ಯಾಕೆ?" ಎಂದ ಬೋರ. "ಮರಿ ಆಯ್ತಲ್ಲ."

"ತಪ್ಪು ನನ್ನದಲ್ಲ ಅಂತ ಅವರು ಹೇಳಬೇಕು."

"ಹೇಳಿದರೆ ಏನಾಗತ್ತೆ?"

ಸಂಪಿ ಮರಿಗಳನ್ನು ಕರೆದುಕೊಂಡು ಹೊರಟಳು. ಮೊಟ್ಟೆಗಳ ವಿಷಯದಲ್ಲಿ ಅವಳು ತಿಳಿದುಕೊಂಡದ್ದು ಬಹಳ. ಮಂಟಪದವರ ವಿಷಯದಲ್ಲಿ ಏನೂ ತಿಳಿದುಕೊಂಡಿರಲಿಲ್ಲ.

ಆರು ಮರಿಗಳು ಮೆಟ್ಟಿಲ ಕೆಳಗೆ ಬಂದು ನಿಂತಾಗ ಮಂಟಪದಲ್ಲಿ ಸದ್ದು ಅಡಗಿತು. ಅಲ್ಲಿ ಮರಿಯ ದನಿ ಕೇಳಿ ಎರಡು ವರ್ಷವಾಗಿತ್ತು. ದುಂಡವ್ವ ತನಗರಿವಿಲ್ಲದೆ ಎರಡು ಮೆಟ್ಟಿಲು ಇಳಿದಳು, ಆಮೇಲೆ ನೆನಪಾಗಿ ಹತ್ತಿದಳು.

ಸಂಪಿ ಎಲ್ಲವನ್ನೂ ಹೇಳಿದಳು. ತೊಳೆಯದಿದ್ದದ್ದು, ಹೊರಳಿಸಿದ್ದು, ಬೂದಿ, ಹುಲ್ಲು. "ಮಾವ, ಒಂದೇ ಗೂಡು, ಒಂದೇ ಕಾವು, ಒಂದೇ ತಾಯಿ. ಬೋರನ ಆರರಲ್ಲಿ ಐದು. ನಮ್ಮ ಮೂರರಲ್ಲಿ ಒಂದು. ಕಲ್ಲಿನ ಮೇಲೆ ಇಟ್ಟಾಗ ಆ ಒಂದೂ ಇರಲಿಲ್ಲ. ತಳಿಯೂ ಸೋತಿದೆ, ಗೂಡೂ ಸರಿಯಿಲ್ಲ. ಎರಡೂ ನಿಜ."

ಶಿಖಾಮಣಿ ಚುಕ್ಕೆ ಮರಿಗಳ ಕಡೆ ತಿರುಗಲಿಲ್ಲ. ಜುಟ್ಟನ್ನು ಸರಿಸಿ, ಬಿಳಿ ಮರಿಯೊಂದನ್ನೇ ನೋಡಿದ.

"ನೋಡಿ" ಎಂದ ಕುಲದವರಿಗೆ. "ಬೂದಿಯಲ್ಲಿ ಬಿದ್ದರೂ ಬುಟ್ಟಿಯ ರಕ್ತ ಬಿಳಿಯಾಗಿಯೇ ಎದ್ದು ಬಂದಿದೆ. ನಮ್ಮ ತಳಿಯ ಶಕ್ತಿ ಅಂದರೆ ಇದು."

"ಮೂರರಲ್ಲಿ ಒಂದು, ಮಾವ."

"ಸಗಣಿಹುಳ ನೂರು ಮರಿ ಮಾಡುತ್ತದೆ. ಅದನ್ನು ಯಾರು ಎಣಿಸುತ್ತಾರೆ?" ಅವನು ಕಲ್ಲಿನಿಂದ ಇಳಿದು ಬಂದ. ದನಿ ಮೃದುವಾಯಿತು. "ಸಂಪಿ, ನಿನಗೆ ಏನು ಬೇಕು ಅಂತ ನನಗೆ ಗೊತ್ತು. ತಪ್ಪು ನಿನ್ನದಲ್ಲ ಅಂತ ಎಲ್ಲರ ಮುಂದೆ ಹೇಳುತ್ತೇನೆ. ಈ ಬಿಳಿ ಮರಿಯನ್ನು ಮಂಟಪಕ್ಕೆ ಬಿಡು. ಬೂದಿ ತಗಲಿದೆ, ಒಂದು ಸಲ ತೊಳೆದು ಮಡಿಗಲ್ಲಿನ ಮೇಲೆ ಕೂರಿಸಿದರೆ ಸಾಕು. ನಾಳೆ ಕುಲಕ್ಕೆ ಅದೇ ಹಿರಿಯ. ನಿನ್ನ ತಾಯಿಯೂ ಇಲ್ಲೇ ಇದ್ದಾಳೆ, ನೋಡಿಕೊಳ್ಳುತ್ತಾಳೆ."

"ತೊಳೀಬೇಡಿ, ಮಾವ. ಅದಕ್ಕೆ ಇನ್ನೂ ಗರಿ ಬಂದಿಲ್ಲ."

"ಒಂದೇ ಸಲ. ಕೊಳದಲ್ಲಿ ಒಂದು ಮುಳುಗು. ನಿನ್ನನ್ನೂ ಹಾಗೇ ತೊಳೆದಿದ್ದೆವು, ಸತ್ತೆಯಾ?"

ಸಂಪಿ ತಾಯಿಯನ್ನು ನೋಡಿದಳು. ಅಚ್ಚವ್ವ ನೆಲ ಕುಟುಕುತ್ತಿದ್ದಳು. ಸಂಪಿ ಸುತ್ತ ಕೂಡಿದ್ದವರನ್ನು ನೋಡಿದಳು. ಹತ್ತು ಜನ. ಏನಂದರೂ ಹತ್ತೇ ಜನ ಎಂದವಳು ಅವಳೇ.

ಅವಳು ರೆಕ್ಕೆ ಎತ್ತಿದಳು.

ಬಿಳಿ ಮರಿಯನ್ನು ದುಂಡವ್ವ ಕೊಳಕ್ಕೆ ಒಯ್ದಳು. ಒಂದು ಸಲ ಎಂದದ್ದು ಮೂರು ಸಲವಾಯಿತು. ಆಚಾರದಲ್ಲಿ ಒಂದು ಎಂಬ ಎಣಿಕೆ ಇಲ್ಲ. ಒದ್ದೆಯಾದ ಮರಿ ಒಂದು ಹೆಬ್ಬೆಟ್ಟಿನಷ್ಟು ಕಾಣುತ್ತಿತ್ತು. ಅದನ್ನು ಮಡಿಗಲ್ಲಿನ ಮೇಲೆ ಕೂರಿಸಿದರು. ಉತ್ತರದ ಕಂಬಗಳ ನಡುವಿಂದ ಗಾಳಿ ಬರುತ್ತಿತ್ತು. ಮುಟ್ಟಿದರೆ ಎಂಜಲಾಗುತ್ತದೆಂದು ಯಾರೂ ಅದರ ಹತ್ತಿರ ಕೂರಲಿಲ್ಲ. ಸಂಪಿ ಮುಂದೆ ನುಗ್ಗಿದಾಗ ಧವಳ ಅಡ್ಡ ನಿಂತ. ಅವನು ಬದುಕಿನಲ್ಲಿ ತಾನಾಗಿ ಮಾಡಿದ ಮೊದಲ ಕೆಲಸ ಅದು.

"ಒಣಗಲಿ" ಎಂದ. "ಮಡಿ ಇದೆ."

ಮರಿ ಕೀಚ್ ಎಂದಿತು. ಎರಡು ಸಲ.

ಮಧ್ಯಾಹ್ನದ ಹೊತ್ತಿಗೆ ಶಿಖಾಮಣಿ ಬಂದು ಮಡಿಗಲ್ಲಿನ ಮೇಲೆ ಬಗ್ಗಿ ನೋಡಿದ. ಆಮೇಲೆ ತಲೆ ಅಲ್ಲಾಡಿಸಿದ.

"ಹೇಳಬೇಕೆಂದೇ ಇದ್ದೆ, ಸಂಪಿ. ತಪ್ಪು ನಿನ್ನದಲ್ಲ ಅಂತ. ಈಗ ಯಾವ ಬಾಯಲ್ಲಿ ಹೇಳಲಿ? ಬೂದಿ ಒಳಗಿನವರೆಗೂ ಹೋಗಿತ್ತು. ನೀನೇ ನೋಡಿದೆಯಲ್ಲ, ತೊಳೆದರೂ ಹೋಗಲಿಲ್ಲ."

"ಪಾಪ, ನಾವು ಮಾಡುವಷ್ಟು ಮಾಡಿದೆವು" ಎಂದಳು ದುಂಡವ್ವ.

ಸಂಪಿ ಐದು ಮರಿಗಳನ್ನು ಮುಂದೆ ಬಿಟ್ಟುಕೊಂಡು ಮೆಟ್ಟಿಲು ಇಳಿದಳು. ಕೊನೆಯ ಮೆಟ್ಟಿಲಿನ ಹತ್ತಿರ ಹಿಂದಿನಿಂದ ಹೆಜ್ಜೆ ಕೇಳಿತು. ಅಚ್ಚವ್ವ. ಮಗಳ ಹಿಂದೆ ಬಂದದ್ದು ಮಂಟಪದವರಿಗೆ ಕಾಣದ ಹಾಗೆ ಒಂದು ಕಂಬದ ಮರೆಗೆ ನಿಂತಿದ್ದಳು.

"ಸಂಪಿ. ನಿನ್ನನ್ನ ನಾನು ಹೊರಳಿಸಿದ್ದೆ."

"ಏನಂದೆ?"

"ಹನ್ನೊಂದು ಮೊಟ್ಟೆ ಇಟ್ಟಿದ್ದೆ. ಉಡಕ್ಕ ಹೇಳಿದ್ದಳು. ಯಾರೂ ನೋಡದಾಗ ಒಂದೇ ಒಂದನ್ನ ಕೊಕ್ಕಿನಿಂದ ಹೊರಳಿಸ್ತಿದ್ದೆ. ಕೆಳಗೆ ನನ್ನ ಗರಿ ಕಿತ್ತು ಹಾಕಿದ್ದೆ. ಹತ್ತು ಹೋದವು. ನೀನು ಒಡೆದೆ."

ಸಂಪಿ ತಾಯಿಯ ಕಡೆ ತಿರುಗಿದಳು. "ಅಲ್ಲಿ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನಿನ್ನನ್ನ ಎಂಜಲು ಮೊಟ್ಟೆಯವಳು ಅಂತಿದ್ದರು."

"ಈಗ ಏನಂದರು?"

ಅಚ್ಚವ್ವ ಬಗ್ಗಿ ಮೆಟ್ಟಿಲನ್ನು ಕುಟುಕಿದಳು. ಅಲ್ಲಿಯೂ ಕಾಳಿರಲಿಲ್ಲ. ಆಮೇಲೆ ಹಿಂತಿರುಗಿ ಮೇಲೆ ಹೋದಳು, ಯಾಕೆಂದರೆ ಮೇಲಿನಿಂದ ಯಾರೋ ಅವಳ ಹೆಸರು ಕರೆದರು.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಮಂಟಪದಲ್ಲಿ ಹತ್ತು ಎಂಟಾಯಿತು, ಎಂಟು ಐದಾಯಿತು. ಪ್ರತಿ ಸಲವೂ ಆಚಾರ ಇನ್ನಷ್ಟು ಬಿಗಿಯಾಯಿತು. ಮೂರು ಸಲ ತೊಳೆಯುತ್ತಿದ್ದವರು ಏಳು ಸಲ ತೊಳೆದರು. ಕೊನೆಗೆ ಉಳಿದವರು ಶಿಖಾಮಣಿ ಮತ್ತು ಅಚ್ಚವ್ವ. ಅಚ್ಚವ್ವ ಮೊಟ್ಟೆ ಇಡುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಒಂದು ದಿನ ಶಿಖಾಮಣಿ ಬೆಳಗ್ಗೆ ಕೂಗಲಿಲ್ಲ. ಮಂಟಪದ ಹೊರಗೆ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಅಚ್ಚವ್ವ ಮೆಟ್ಟಿಲು ಇಳಿಯಲಿಲ್ಲ. ಅವಳು ಮಂಟಪದಲ್ಲಿಯೇ ಸತ್ತಳು.

ಆವಿಗೆಯಲ್ಲಿ ಕೋಳಿಗಳು ಹೆಚ್ಚಿದವು. ಸಂಪಿಯ ಐದು ಮರಿಗಳು ಹಿತ್ತಿಲು, ಸಂತೆ, ಕಾಡಂಚು ಎಂದು ಎಲ್ಲೆಲ್ಲಿಂದಲೋ ಜೊತೆ ತಂದವು. ಎರಡು ವರ್ಷದಲ್ಲಿ ಎಲ್ಲ ಬಣ್ಣದ ಮೂವತ್ತು ಕೋಳಿಗಳಾದವು. ಬೋರ ಯಾವುದೋ ಹಬ್ಬದ ಹಿಂದಿನ ದಿನ ಕಾಣೆಯಾದ. ಅಜ್ಜನ ದಾರಿ ಹಿಡಿದಿರಬೇಕು. ಸಂಪಿಗೆ ವಯಸ್ಸಾಯಿತು. ಗೋಡೆಯ ಬಿಸಿಲಿನಲ್ಲಿ ಕೂತು ಮೊಮ್ಮಕ್ಕಳನ್ನು ನೋಡುತ್ತಿದ್ದಳು.

ಅದು ಮಳೆಗಾಲದ ಮೊದಲ ವಾರ. ಗಾಳಿ ತಿರುಗಿ ಪಡುವಣದಿಂದ ಬೀಸುತ್ತಿತ್ತು. ಆವಿಗೆಯ ಪಡುವಣ ಬಾಯಿಂದ ಎರಚಲು ಒಳಗೆ ನುಗ್ಗುತ್ತಿತ್ತು. ಸಂಪಿಯ ಮರಿಮಗಳು ತುಂಬೆ, ಮೊದಲ ಕಾವಿನವಳು, ಅದೇ ಪಡುವಣ ಮೂಲೆಯಲ್ಲಿ ಎಂಟು ಮೊಟ್ಟೆಗಳ ಮೇಲೆ ಒದ್ದೆಯಾಗಿ ಕೂತಿದ್ದಳು.

"ಅಲ್ಲಿಂದ ಏಳೇ" ಎಂದಳು ಸಂಪಿ. "ಮೂಡಣದ ಮೂಲೆಗೆ ಹೋಗು. ಅಲ್ಲಿ ಒಣಗಿದೆ."

"ಕಾವಿಗೆ ಪಡುವಣ ಮೂಲೆಯೇ ಆಗಬೇಕು, ಅಜ್ಜಿ" ಎಂದಳು ತುಂಬೆ.

"ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರೆ. ನಮ್ಮ ಹಿರಿಯಜ್ಜಿ ಬೂದಿಯಿಂದ ಎದ್ದು ಬಂದವಳು, ಪಡುವಣ ಮೂಲೆಯಲ್ಲಿ ಕೂತು ಐದು ಮರಿ ಮಾಡಿದಳು. ಅದಕ್ಕೇ ಐದಕ್ಕಿಂತ ಹೆಚ್ಚು ಮರಿ ಆದರೂ ಐದು ಅಂತಲೇ ಹೇಳಬೇಕು."

"ಹಿರಿಯಜ್ಜಿ ನಾನೇ ಕಣೆ. ಆಗ ಗಾಳಿ ಆ ಕಡೆಯಿಂದ ಬರ್ತಿತ್ತು, ಈ ಕಡೆ ಕೂತೆ. ಅಷ್ಟೇ. ಮತ್ತೆ ಐದಲ್ಲ. ಆರು."

ತುಂಬೆ ಪಕ್ಕದವಳ ಕಡೆ ನೋಡಿ ನಕ್ಕಳು. "ವಯಸ್ಸಾದ ಮೇಲೆ ಎಲ್ಲ ಮರೆತುಹೋಗತ್ತೆ, ಪಾಪ" ಎಂದಳು ಮೆಲ್ಲಗೆ. ಆಮೇಲೆ ಜೋರಾಗಿ, ಕಿವಿ ಕೇಳದವರಿಗೆ ಹೇಳುವ ಹಾಗೆ: "ಆಯ್ತು ಅಜ್ಜಿ. ನೀವು ಬಿಸಿಲಿಗೆ ಕೂತ್ಕೊಳ್ಳಿ."

ಬಿಸಿಲು ಇರಲಿಲ್ಲ. ಸಂಪಿ ಎದ್ದು ಹೋಗಿ ತುಂಬೆಯ ಪಕ್ಕದಲ್ಲಿ, ಗಾಳಿ ಬರುವ ಕಡೆಗೆ, ತನ್ನ ಹಳೆಯ ಗರಿಗಳನ್ನು ಅಗಲಿಸಿ ಕೂತಳು. ಎಷ್ಟು ಮೊಟ್ಟೆಗೆ ಅಡ್ಡವಾದಳೋ ಅಷ್ಟು.

ಸಂಜೆಯ ಹೊತ್ತಿಗೆ ಮಂಟಪದ ಕಡೆಯಿಂದ ಉಡಕ್ಕ ಬಂದಳು. ಅಲ್ಲಿ ಊಟ ನಿಂತು ಬಹಳ ದಿನವಾಗಿತ್ತು, ಸೊರಗಿದ್ದಳು. ಆವಿಗೆಯನ್ನು ಒಂದು ಸುತ್ತು ಹಾಕಿದಳು. ಎರಚಲಿನಲ್ಲಿ ಕೂತಿದ್ದವರನ್ನು ನೋಡಿದಳು. ಸಂಪಿಯ ಗುರುತು ಹಿಡಿದು ತಲೆ ಬಾಗಿಸಿದಳು.

ಆಮೇಲೆ ಪಡುವಣದ ಇಳಿಜಾರಿನಲ್ಲಿ ಒಂದು ಒಳ್ಳೆಯ ಹುತ್ತ ನೋಡಿ ಮನೆ ಮಾಡಿಕೊಂಡಳು.

ನೀತಿ: ಮೊಟ್ಟೆ ಒಡೆಯದಿದ್ದರೆ ತಳಿಯನ್ನೂ ನೋಡಿ, ಗೂಡನ್ನೂ ನೋಡಿ; ಕಾರಣ ಮರೆತವರ ಕೈಯಲ್ಲಿ ಒಣಹುಲ್ಲೂ ಕಲ್ಲಾಗುತ್ತದೆ, ಅವರ ಒಂದು ಒಳ್ಳೆಯ ಮಾತಿಗಾಗಿ ಮರಿಯನ್ನು ಕೊಡಬೇಡಿ.